ಉಳುವವರು ಒಬ್ಬರು, ಪಹಣಿ ಇನ್ನೊಬ್ಬರದು: ಚಾಟ್ ಸರ್ವರ್‌ಗಳ ಜಗಳದ ಒಳಗುಟ್ಟು

2021ರ ಮೇ 19. ಕೋವಿಡ್ ಎರಡನೇ ಅಲೆ ನಮ್ಮನ್ನೆಲ್ಲ ಮನೆಯೊಳಗೆ ಕೂರಿಸಿದ್ದ ದಿನಗಳು. ಅವತ್ತು ಇಂಟರ್ನೆಟ್ಟಿನ ಒಂದು ಹಳೇ ಓಣಿಯಲ್ಲಿ ಮನೆ ಪಾಲಾಯಿತು. ಫ್ರೀನೋಡ್ ಅನ್ನೋ ಚಾಟ್ ಜಾಲವನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದ ಸ್ವಯಂಸೇವಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಬರೆದು ಹೊರಗೆ ಬಂದರು. ಅದೇ ದಿನ ಲಿಬೆರಾ ಚಾಟ್ ಅನ್ನೋ ಹೆಸರಲ್ಲಿ ಬೇರೆ ಒಲೆ ಹೂಡಿದರು. ಉಬುಂಟು, ಫೆಡೋರಾ, ಜೆಂಟೂ ಅನ್ನೋ ಲಿನಕ್ಸ್ ತಂತ್ರಾಂಶ ಕಟ್ಟುವವರು, ವಿಕಿಪೀಡಿಯ ನಡೆಸುವ ವಿಕಿಮೀಡಿಯಾ, ಹೀಗೆ ದೊಡ್ಡ ದೊಡ್ಡ ಬಳಗಗಳು ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಿ ಅವರ ಹಿಂದೆ ಹೊರಟವು. ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಒಬ್ಬರಿಗೆ ವಿಕಿಮೀಡಿಯಾದ ತಾಂತ್ರಿಕ ತಂಡದ ಜೊತೆ ಚಾಟ್‌ನಲ್ಲಿ ಮಾತಾಡಬೇಕು ಅನಿಸಿದರೂ ಆ ವಾರದಿಂದ ಹೊಸ ವಿಳಾಸವೇ ಗತಿ.

ಹೊರಗಿನಿಂದ ನೋಡಿದವರಿಗೆ ಇದೊಂದು ಕ್ಷುಲ್ಲಕ ಜಗಳ. ಬರೀ ಅಕ್ಷರ ಓಡಾಡುವ, ಫೋಟೋ ಕೂಡ ಹಾಕಲಾಗದ ಒಂದು ಹಳೇ ಚಾಟ್‌ಗೆ ಇಷ್ಟೆಲ್ಲ ರಂಪ ಬೇಕಿತ್ತಾ? ಬೇಕಿತ್ತೋ ಬೇಡವೋ, ಅದರ ಒಳಗೆ ಇಳಿದು ನೋಡಿದರೆ ಇವತ್ತಿನ ಮ್ಯಾಸ್ಟೊಡಾನ್, ಮ್ಯಾಟ್ರಿಕ್ಸ್ ಅನ್ನೋ ಹೊಸ ಮಾತುಕತೆ ಜಾಲಗಳು, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ಎಲ್ಲದರ ಜಗಳವೂ ಅಲ್ಲೇ ಕಾಣುತ್ತದೆ.

ಕೆರೆ ನೀರಾವರಿಯ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ಕೆರೆ ಅವನದಲ್ಲ, ನೀರೂ ಅವನದಲ್ಲ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು, ಇಷ್ಟೇ ಅವನ ಕೆಲಸ. ಸುಗ್ಗಿಯಲ್ಲಿ ಆಯ ಅಂತ ಒಂದಿಷ್ಟು ಕಾಳು ಅಳೆದು ಕೊಡುತ್ತಿದ್ದರು. ಮಳೆ ಚೆನ್ನಾಗಿ ಆದ ವರ್ಷ ಅವನ ನೆನಪು ಯಾರಿಗೂ ಬರುತ್ತಿರಲಿಲ್ಲ. ನೀರು ಕಮ್ಮಿಯಾದ ವರ್ಷ ಊರ ಜಗಳವೆಲ್ಲ ಅವನ ತಲೆ ಮೇಲೆ. ಚಾಟ್ ಜಾಲದ ಸರ್ವರ್ ನೋಡಿಕೊಳ್ಳುವವರ ಪಾಡೂ ಹೆಚ್ಚುಕಮ್ಮಿ ಇದೇ. ಅವರಿಗೆ ಆಯವೂ ಇಲ್ಲ ಅನ್ನೋದೊಂದೇ ವ್ಯತ್ಯಾಸ.

ಈ ಜಾಲಗಳ ಹಿಂದಿರುವ ವ್ಯವಸ್ಥೆಯ ಹೆಸರು ಐಆರ್‌ಸಿ, ಅಂದರೆ ಇಂಟರ್ನೆಟ್ ರಿಲೇ ಚಾಟ್. 1988ರ ಆಗಸ್ಟ್ ಕೊನೆಯಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೋ ಓಯ್ಕರಿನೆನ್ ಅನ್ನೋ ಇಪ್ಪತ್ತೊಂದರ ಹುಡುಗ ಇದನ್ನು ಬರೆದ. ತಾನು ನೋಡಿಕೊಳ್ಳುತ್ತಿದ್ದ ಒಂದು ಬುಲೆಟಿನ್ ಬೋರ್ಡಿನಲ್ಲಿ ಜನ ಇನ್ನೂ ಸರಾಗವಾಗಿ ಹರಟಲಿ ಅನ್ನೋದು ಅವನ ಆಸೆ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಜನ ಇದರಲ್ಲೇ ಸುದ್ದಿ ತಿಳಿದುಕೊಳ್ಳುವ ಮಟ್ಟಕ್ಕೆ ಬೆಳೆಯಿತು. ನಮ್ಮಲ್ಲಿ ತೊಂಬತ್ತರ ದಶಕದ ಕೊನೆಗೆ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಎಂಐಆರ್‌ಸಿ ಅನ್ನೋ ಚಾಟ್ ತಂತ್ರಾಂಶ ತೆರೆದು ಕೂತವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಆಮೇಲೆ ಬೆಂಗಳೂರಲ್ಲಿ ಲಿನಕ್ಸ್ ಕಲಿತವರಿಗೆ, ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕಿದ ಕಾಲೇಜು ಹುಡುಗ ಹುಡುಗಿಯರಿಗೆ ಫ್ರೀನೋಡ್ ಅನ್ನೋದು ದಿನಾ ಹೋಗುವ ಜಗಲಿಯಾಗಿತ್ತು.

ಇಲ್ಲಿ ‘ಸರ್ವರ್’ ಅನ್ನೋ ಮಾತನ್ನು ಸ್ವಲ್ಪ ಬಿಡಿಸಬೇಕು. ಡಿಸ್ಕಾರ್ಡ್ ಬಳಸುವವರು ‘ನನ್ನ ಸರ್ವರ್’ ಅನ್ನುತ್ತಾರೆ. ಅದು ಸುಮ್ನೆ ಒಂದು ಗುಂಪು. ಯಂತ್ರ ಎಲ್ಲ ಕಂಪನಿಯದೇ. ಐಆರ್‌ಸಿಯಲ್ಲಿ ಹಾಗಲ್ಲ. ಅಲ್ಲಿ ಸರ್ವರ್ ಅಂದರೆ ನಿಜವಾದ ಯಂತ್ರ. ಒಂದು ವಿಶ್ವವಿದ್ಯಾಲಯದಲ್ಲೋ, ಒಂದು ಇಂಟರ್ನೆಟ್ ಕಂಪನಿಯಲ್ಲೋ ಯಾರೋ ಒಬ್ಬರು ಕಾಡಿಬೇಡಿ ಒಂದು ಮೂಲೆ ಗಿಟ್ಟಿಸಿಕೊಂಡು ಅಲ್ಲಿಟ್ಟ ಪೆಟ್ಟಿಗೆ. ಇಂಥ ಹಲವು ಪೆಟ್ಟಿಗೆ ಒಂದಕ್ಕೊಂದು ಜೋಡಿಸಿದರೆ ಒಂದು ಜಾಲ. ನೀವು ಯಾವ ಸರ್ವರ್‌ಗೆ ಬಂದು ಸೇರಿಕೊಂಡರೂ ಮಾತು ಎಲ್ಲರಿಗೂ ತಲುಪುತ್ತದೆ. ಕೆರೆ ಎಲ್ಲರದು, ತೂಬು ಮಾತ್ರ ಒಬ್ಬೊಬ್ಬರ ಕೈಯಲ್ಲಿ.

ಮೊದಲ ದೊಡ್ಡ ಜಗಳ ಶುರುವಾದದ್ದೂ ಈ ತೂಬಿನಿಂದಲೇ. 1990ರಲ್ಲಿ ಬರ್ಕ್ಲಿಯಲ್ಲಿ ಎರಿಸ್ ಅನ್ನೋ ಹೆಸರಿನ ಒಂದು ಯಂತ್ರ ಇತ್ತು. ಯಾರು ಬೇಕಾದರೂ ತಮ್ಮ ಸರ್ವರನ್ನು ತಂದು ಅದಕ್ಕೆ ಜೋಡಿಸಬಹುದಿತ್ತು. ಪಾಸ್‌ವರ್ಡ್ ಇಲ್ಲ, ಕೇಳುವವರಿಲ್ಲ. ಹೀಗೆ ಬಂದವರಲ್ಲಿ ಕಿತಾಪತಿ ಮಾಡುವವರೂ ಇದ್ದರು. ಉಳಿದ ಸರ್ವರ್‌ಗಳವರು ಸೇರಿ ಎರಿಸನ್ನು ಹೊರಗಿಟ್ಟರು. ತಮ್ಮ ಜಾಲಕ್ಕೆ ‘ಎರಿಸ್ ಇಲ್ಲದ ಜಾಲ’ ಅನ್ನೋ ಅರ್ಥದಲ್ಲಿ ಇಎಫ್‌ನೆಟ್ ಅಂತ ಹೆಸರಿಟ್ಟರು. ಎರಿಸ್ ಜೊತೆ ನಿಂತವರದು ಎ-ನೆಟ್, ಅಂದರೆ ಅರಾಜಕತೆಯ ಜಾಲ. ಅದು ಸ್ವಲ್ಪ ದಿನದಲ್ಲೇ ಕಣ್ಮರೆಯಾಯಿತು. ಎರಿಸ್ ಅಂದರೆ ಗ್ರೀಕರ ಪುರಾಣದಲ್ಲಿ ಕಲಹದ ದೇವತೆ. ನಮ್ಮ ನಾರದನಾದರೂ ಲೋಕಕಲ್ಯಾಣಕ್ಕೆ ಅಂತ ಜಗಳ ಹಚ್ಚುತ್ತಾನೆ, ಇವಳಿಗೆ ಆ ನೆಪವೂ ಇಲ್ಲ. ಅವಳನ್ನು ಮನೆಯಿಂದ ಆಚೆ ಹಾಕಿ, ಅದೇ ಸಂಗತಿಯನ್ನು ಮನೆಯ ಹೆಸರಾಗಿ ಬಾಗಿಲಿಗೆ ಬರೆಸಿಕೊಂಡವರು ಇವರು. ಕಲಹ ಮಾತ್ರ ಅಲ್ಲೇ ಉಳಿಯಿತು.

ಆ ಕಲಹದ ರೀತಿ ತಿಳಿಯಬೇಕಾದರೆ ಒಂದು ಚಾನೆಲ್ಲಿನ ಒಳಗೆ ಕೂತು ನೋಡಬೇಕು.

ಚಾನೆಲ್ ಅಂದರೆ ಮಾತಾಡುವ ಕೋಣೆ. ಹೆಸರಿನ ಮುಂದೆ ಒಂದು ಹ್ಯಾಶ್ ಚಿಹ್ನೆ. ಹಳೇ ಐಆರ್‌ಸಿಯಲ್ಲಿ ಚಾನೆಲ್ಲಿಗೆ ಯಜಮಾನ ಅಂತ ಯಾರೂ ಇರಲಿಲ್ಲ. ಖಾಲಿ ಕೋಣೆಗೆ ಮೊದಲು ಕಾಲಿಟ್ಟವರಿಗೆ ತಾನಾಗಿಯೇ ‘ಆಪ್’ ಸಿಗುತ್ತಿತ್ತು. ಅವರ ಹೆಸರಿನ ಮುಂದೆ ಒಂದು ಅಟ್ ಗುರುತು ಬರುತ್ತಿತ್ತು. ಆ ಗುರುತು ಇದ್ದವರು ಯಾರನ್ನು ಬೇಕಾದರೂ ಒದ್ದು ಹೊರಗೆ ಹಾಕಬಹುದು, ಬ್ಯಾನ್ ಮಾಡಬಹುದು, ಮತ್ತೊಬ್ಬರಿಗೆ ಆಪ್ ಕೊಡಬಹುದು, ಕೊಟ್ಟದ್ದನ್ನು ಕಿತ್ತುಕೊಳ್ಳಲೂಬಹುದು. ಎಲ್ಲರೂ ಹೊರಗೆ ಹೋದರೆ ಕೋಣೆಯೇ ಮಾಯ. ಮತ್ತೆ ಮೊದಲು ಬಂದವರದು ರಾಜ್ಯಭಾರ.

ಈಗ ಸರ್ವರ್‌ಗಳ ಜೋಡಣೆ ನೋಡಿ. ಅದು ಮರದ ಹಾಗೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗಲು ಒಂದೇ ದಾರಿ. ನಡುವಿನ ಒಂದು ಕೊಂಡಿ ಕಡಿದರೆ ಜಾಲ ಎರಡು ಹೋಳು. ಇದಕ್ಕೆ ನೆಟ್‌ಸ್ಪ್ಲಿಟ್ ಅನ್ನುತ್ತಾರೆ. ಪರದೆಯ ಮೇಲೆ ಅದು ಕಾಣುವ ಪರಿ ಒಂದು ಸಲ ನೋಡಿದರೆ ಮರೆಯಲ್ಲ. ನೀವು ಏನೋ ಹೇಳುತ್ತಿರುತ್ತೀರಿ. ಇದ್ದಕ್ಕಿದ್ದ ಹಾಗೆ ಒಂದೇ ಉಸಿರಿಗೆ ಇಪ್ಪತ್ತು ಮೂವತ್ತು ಸಾಲು: ಇವರು ಹೋದರು, ಅವರು ಹೋದರು, ಇನ್ನೊಬ್ಬರು ಹೋದರು. ಕಾರಣದ ಜಾಗದಲ್ಲಿ ಎರಡು ಸರ್ವರ್‌ಗಳ ಹೆಸರು. ಅವರ್ಯಾರೂ ಎದ್ದು ಹೋಗಿಲ್ಲ. ಆ ಕಡೆ ಕೂತು, ನೀವೇ ಎದ್ದು ಹೋದಿರಿ ಅಂದುಕೊಂಡಿದ್ದಾರೆ.

ಕಿಡಿಗೇಡಿಗಳಿಗೆ ಇದೇ ಮುಹೂರ್ತ. ಚೆಸ್ ಆಡುವವರ ಒಂದು ಚಾನೆಲ್ ಇದೆ ಅಂದುಕೊಳ್ಳಿ. ಅದರ ಜನರೆಲ್ಲ ಒಂದು ಹೋಳಿನಲ್ಲಿ ಉಳಿದರು. ಕಿಡಿಗೇಡಿ ಇನ್ನೊಂದು ಹೋಳಿನ ಸರ್ವರ್‌ಗೆ ಹೋಗಿ ಅದೇ ಹೆಸರಿನ ಚಾನೆಲ್ ತೆರೆಯುತ್ತಾನೆ. ಆ ಕಡೆ ಕೋಣೆ ಖಾಲಿ, ಹಾಗಾಗಿ ಆಪ್ ಅವನಿಗೆ. ಸುಮ್ಮನೆ ಕಾಯುತ್ತಾನೆ. ಕೊಂಡಿ ಮತ್ತೆ ಕೂಡಿದಾಗ ಎರಡು ಕೋಣೆ ಒಂದಾಗುತ್ತದೆ, ಅವನು ಆಪ್ ಗುರುತಿನ ಸಮೇತ ಒಳಗೆ ಬರುತ್ತಾನೆ. ಬಂದವನೇ ಉಳಿದ ಆಪ್‌ಗಳ ಗುರುತು ಕಿತ್ತು ಎಲ್ಲರನ್ನೂ ಹೊರಗೆ ಹಾಕುತ್ತಾನೆ. ಈ ಕೆಲಸಕ್ಕೆ ಸ್ಕ್ರಿಪ್ಟ್ ಬರೆದಿಟ್ಟುಕೊಂಡಿರುತ್ತಿದ್ದರು, ಹಾಗಾಗಿ ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಗುತ್ತಿತ್ತು. ಇದನ್ನು ತಡೆಯಲು ಜನ ಕಾವಲಿಗೆ ಬಾಟ್, ಅಂದರೆ ಚಾನೆಲ್ಲಿನಲ್ಲಿ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ, ಕಟ್ಟಿದರು. 1993ರಲ್ಲಿ ಬಂದ ಎಗ್‌ಡ್ರಾಪ್ ಅನ್ನೋ ಬಾಟ್ ಹುಟ್ಟಿದ್ದೇ ಒಂದು ಚಾನೆಲ್ಲಿಗೆ ಕಾವಲು ಇರಲಿ ಅಂತ.

ಇದಕ್ಕೆ ಸರ್ವರ್ ಮಟ್ಟದಲ್ಲೇ ಒಂದು ಮದ್ದು ಬೇಕಿತ್ತು. ಎರಡು ಮದ್ದು ಹುಟ್ಟಿದವು. ಒಂದು, ಜಾಲ ಹೋಳಾದಾಗ ಮಾಯವಾದ ಹೆಸರುಗಳಿಗೆ ಸ್ವಲ್ಪ ಹೊತ್ತು ಬೀಗ ಹಾಕಿಡುವುದು. ಬೇರೆ ಯಾರೂ ಅದನ್ನು ಎತ್ತಿಕೊಳ್ಳಲಾಗದು. ಇದು ನಿಕ್ ಡಿಲೇ; ನಿಕ್ ಅಂದರೆ ಚಾಟ್‌ನಲ್ಲಿ ಇಟ್ಟುಕೊಂಡ ಹೆಸರು. ಇನ್ನೊಂದು, ಪ್ರತಿ ಚಾನೆಲ್ ಹುಟ್ಟಿದ ಹೊತ್ತನ್ನು ಬರೆದಿಟ್ಟುಕೊಂಡು, ಹೋಳುಗಳು ಕೂಡಿದಾಗ ಹಳೆಯದನ್ನು ಎತ್ತಿಹಿಡಿಯುವುದು. ಹೊಸದಾಗಿ ತೆರೆದವರ ಆಪ್ ತಾನಾಗಿ ಬಿದ್ದುಹೋಗುತ್ತದೆ. ಇದು ಟೈಮ್‌ಸ್ಟ್ಯಾಂಪ್. ಮೊದಲನೆಯದರಲ್ಲಿ ನಿಮ್ಮ ಹೆಸರಿಗೆ ನೀವೇ ಕಾಯಬೇಕು. ಎರಡನೆಯದರಲ್ಲಿ ಗಡಿಯಾರ ಹಿಂದೆ ತಿರುಗಿಸಿದ ಒಂದು ಸರ್ವರ್ ಇದ್ದರೆ ಕಥೆ ಮುಗಿಯಿತು.

ಎರಡರಲ್ಲಿ ಯಾವುದು ಅನ್ನೋ ವಾದದಲ್ಲಿ 1996ರ ಜುಲೈಯಲ್ಲಿ ಇಎಫ್‌ನೆಟ್ ಒಡೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಮೆರಿಕದ ಸರ್ವರ್‌ಗಳು ಟೈಮ್‌ಸ್ಟ್ಯಾಂಪ್ ಕಡೆ ಉಳಿದವು. ಯುರೋಪಿನವರು ಹೆಚ್ಚಿನಂಶ ನಿಕ್ ಡಿಲೇ ಹಿಡಿದುಕೊಂಡು ಐಆರ್‌ಸಿನೆಟ್ ಅನ್ನೋ ಬೇರೆ ಜಾಲವಾದರು. ಆದರೆ ಇದು ಗಡಿಯಾರದ ಜಗಳ ಮಾತ್ರ ಆಗಿರಲಿಲ್ಲ. ಸರ್ವರ್ ಆಪರೇಟರ್‌ಗಳ ಕೈಗೆ ಎಷ್ಟು ಅಧಿಕಾರ ಕೊಡಬೇಕು, ಅವರು ಏನು ಮಾಡಬಾರದು ಅನ್ನೋದನ್ನು ನಿಯಮವಾಗಿ ಬರೆಯಬೇಕು ಅಂತ ಯುರೋಪಿನ ಕಡೆಯವರು ಪಟ್ಟು ಹಿಡಿದಿದ್ದರು. ತಾಂತ್ರಿಕ ವಾದ ಮೇಲೆ ಕಾಣುವ ಸಿಪ್ಪೆ. ಒಳಗಿದ್ದದ್ದು ‘ನನ್ನ ಯಂತ್ರ, ನನ್ನ ಇಷ್ಟ’ ಅನ್ನೋರಿಗೂ ‘ನಿನ್ನ ಯಂತ್ರ ನಿಜ, ಜಾಲ ನಮ್ಮೆಲ್ಲರದು’ ಅನ್ನೋರಿಗೂ ಇದ್ದ ಮನಸ್ತಾಪ.

ಮೂರನೇ ಮದ್ದು ಬೇರೆ ಕಡೆಯಿಂದ ಬಂತು. 1994ರಲ್ಲಿ ಇಎಫ್‌ನೆಟ್‌ನ ಒಂದು ಸ್ಟಾರ್ ಟ್ರೆಕ್ ಅಭಿಮಾನಿಗಳ ಚಾನೆಲ್ಲಿನಿಂದ ಹೊರಟವರು ಡಾಲ್‌ನೆಟ್ ಕಟ್ಟಿದರು. ಅಲ್ಲಿ ನಿಕ್‌ಸರ್ವ್, ಚಾನ್‌ಸರ್ವ್ ಅನ್ನೋ ಸೌಲಭ್ಯ ಬಂತು. ಹೆಸರನ್ನೂ ಚಾನೆಲ್ಲನ್ನೂ ಪಾಸ್‌ವರ್ಡ್ ಕೊಟ್ಟು ನೋಂದಾಯಿಸಿಕೊಳ್ಳಬಹುದು. ಕೋಣೆಯಲ್ಲಿ ನೀವಿಲ್ಲದಿದ್ದರೂ ಕೋಣೆ ನಿಮ್ಮದೇ. ಇಎಫ್‌ನೆಟ್‌ನವರು ಇದನ್ನು ಕೊನೆಗೂ ಒಪ್ಪಲಿಲ್ಲ. ಚಾನೆಲ್ಲಿಗೆ ಒಡೆಯರಿಲ್ಲ, ನಿಮ್ಮ ಜಗಳಕ್ಕೆ ನಾವು ತಲೆ ಹಾಕಲ್ಲ ಅನ್ನೋದೇ ಅವರ ನಿಲುವು. ಮಿಕ್ಕ ಹೆಚ್ಚಿನ ಜಾಲಗಳು ನೋಂದಣಿಯ ದಾರಿ ಹಿಡಿದವು.

ನನ್ನ ಪ್ರಕಾರ ಇಡೀ ಕಥೆಯ ತಿರುವು ಇಲ್ಲಿದೆ. ಕಳ್ಳತನ ನಿಂತಿತು, ನಿಜ. ಆದರೆ ಅಲ್ಲಿಯವರೆಗೆ ಕೋಣೆ ಅಂದರೆ ಅದರೊಳಗೆ ಕೂತ ಜನ. ಅಲ್ಲಿಂದ ಮುಂದೆ ಕೋಣೆ ಅಂದರೆ ಒಂದು ದಾಖಲೆ ಪುಸ್ತಕದಲ್ಲಿನ ಒಂದು ಸಾಲು. ಪುಸ್ತಕ ಬಂದ ಮೇಲೆ ಅದನ್ನು ಇಟ್ಟುಕೊಳ್ಳಲು ಒಬ್ಬ ಶಾನುಭೋಗ ಬೇಕಾಯಿತು. ಹಳೇ ಕಾಲದಲ್ಲಿ ಕಿಡಿಗೇಡಿ ಒಂದು ಸಲಕ್ಕೆ ಒಂದು ಚಾನೆಲ್ ಕದಿಯಬಹುದಿತ್ತು. ಪುಸ್ತಕ ಯಾರ ಕೈಗೆ ಸಿಕ್ಕಿತೋ ಅವರು ಎಲ್ಲ ಚಾನೆಲ್ಲನ್ನೂ ಒಂದೇ ರಾತ್ರಿಯಲ್ಲಿ ಎತ್ತಬಹುದು.

ಫ್ರೀನೋಡ್‌ನಲ್ಲಿ ಹಾಗೇ ಆಯಿತು.

ಫ್ರೀನೋಡ್ ಶುರುವಾದದ್ದು ಲಿನಕ್ಸ್ ಕಲಿಯುವವರಿಗೆ ಸಹಾಯ ಮಾಡುವ ಒಂದು ಸಣ್ಣ ಚಾನೆಲ್ಲಾಗಿ. ಆಮೇಲೆ ಸ್ವಂತ ಜಾಲವಾಯಿತು, 2002ರಲ್ಲಿ ಫ್ರೀನೋಡ್ ಅನ್ನೋ ಹೆಸರು ಬಂತು. ಅದನ್ನು ಕಟ್ಟಿದ ರಾಬ್ ಲೆವಿನ್ 2006ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ಸೈಕಲ್ ಮೇಲೆ ಹೋಗುವಾಗ ಕಾರು ಬಡಿದು ತೀರಿಕೊಂಡರು. ಜಾಲ ನಿಲ್ಲಲಿಲ್ಲ, ಉಳಿದವರು ಎಳೆದುಕೊಂಡು ಹೋದರು. ಸರ್ವರ್‌ಗಳನ್ನು ಬೇರೆ ಬೇರೆ ಸಂಸ್ಥೆಗಳು ಪುಕ್ಕಟೆ ಕೊಟ್ಟಿದ್ದವು. ದಿನದ ಕೆಲಸ ಸ್ವಯಂಸೇವಕರದು. ಸ್ಪ್ಯಾಮ್ ತಡೆಯುವುದು, ಕಳೆದ ಪಾಸ್‌ವರ್ಡ್ ಹುಡುಕಿಕೊಡುವುದು, ರಾತ್ರಿ ಎರಡಕ್ಕೆ ಯಾರೋ ಯಾರಿಗೋ ಬೈದರೆ ಎದ್ದು ನೋಡುವುದು. 2018ರ ಆಗಸ್ಟಿನಲ್ಲಿ ಸ್ಪ್ಯಾಮ್ ಪ್ರವಾಹ ಬಂದು ಎಷ್ಟೋ ಚಾನೆಲ್‌ಗಳು ನೋಂದಾಯಿಸದವರನ್ನು ಒಳಗೇ ಬಿಡದ ಹಾಗೆ ಬಾಗಿಲು ಹಾಕಿಕೊಳ್ಳಬೇಕಾಯಿತು. ಸಹಾಯ ಕೇಳಲು ಮೊದಲ ಸಲ ಬಂದವರು ಹೊಸಿಲಲ್ಲೇ ಉಳಿದರು.

ಇದರ ನಡುವೆ 2017ರಲ್ಲಿ ಒಂದು ಕಾಗದ ಕೈ ಬದಲಾಯಿಸಿತ್ತು. ಫ್ರೀನೋಡ್ ಲಿಮಿಟೆಡ್ ಅಂತ ಬ್ರಿಟನ್ನಿನಲ್ಲಿ ಒಂದು ಕಂಪನಿ ಇತ್ತು. ಆಗಿನ ಮುಖ್ಯಸ್ಥರು ಅದನ್ನು ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಅನ್ನೋ ವಿಪಿಎನ್ ಸೇವೆ ಕಟ್ಟಿದ ಆಂಡ್ರ್ಯೂ ಲೀ ಅವರ ಕಡೆಗೆ ಬಿಟ್ಟುಕೊಟ್ಟರು. ಜಾಲದ ದಿನನಿತ್ಯದ ಕೆಲಸಕ್ಕೆ ಇದು ಏನೂ ತಟ್ಟುವುದಿಲ್ಲ ಅಂತ ಸ್ವಯಂಸೇವಕರಿಗೆ ಹೇಳಲಾಗಿತ್ತು. ಅವರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕು ವರ್ಷ ಎಲ್ಲ ಸುಸೂತ್ರ. 2021ರ ಶುರುವಿನಲ್ಲಿ ಜಾಲದ ಮುಖಪುಟದಲ್ಲಿ ಲೀ ಅವರಿಗೆ ಸಂಬಂಧಪಟ್ಟ ಒಂದು ಕಂಪನಿಯ ಗುರುತು ಕಾಣಿಸಿಕೊಂಡಾಗ ಪ್ರಶ್ನೆ ಎದ್ದವು. ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಸ್ವಯಂಸೇವಕರು ತಮ್ಮೊಳಗೇ ಒಬ್ಬರನ್ನು ಆರಿಸಿಕೊಂಡರು. ಲೀ ಕಡೆಯವರು, ಡೊಮೇನ್ ನಮ್ಮದು, ನಿಯಂತ್ರಣ ಕೊಡಿ ಅಂದರು. ಕೊನೆಗೆ ಮೇ 19.

ಲೀ ಅವರ ವಾದವನ್ನೂ ಹೇಳಬೇಕು. ನಾನು ದುಡ್ಡು ಕೊಟ್ಟು ಕೊಂಡಿದ್ದೇನೆ, ವರ್ಷಗಟ್ಟಲೆ ಖರ್ಚು ಹಾಕಿದ್ದೇನೆ, ನನ್ನ ಆಸ್ತಿಯನ್ನು ಕಿತ್ತುಕೊಳ್ಳಲು ನೋಡಿದ್ದು ಅವರೇ, ಅನ್ನೋದು ಅವರ ಮಾತು. ಕಾಗದ ನೋಡಿದರೆ ಈ ಮಾತನ್ನು ತೆಗೆದುಹಾಕಲಾಗದು. ಪಹಣಿಯಲ್ಲಿ ಅವರದೇ ಹೆಸರು. ಉತ್ತವರು, ಬಿತ್ತಿದವರು ಮಾತ್ರ ಬೇರೆ. 1974ರ ಭೂಸುಧಾರಣೆ ನೋಡಿದ ನಾಡು ನಮ್ಮದು. ‘ಉಳುವವನೇ ಹೊಲದೊಡೆಯ’ ಅನ್ನೋದು ಎಷ್ಟು ದೊಡ್ಡ ಮಾತು, ಅದನ್ನು ಜಾರಿಗೆ ತರಲು ಎಷ್ಟು ಅರ್ಜಿ, ಎಷ್ಟು ನ್ಯಾಯಮಂಡಳಿ ಬೇಕಾಯಿತು ಅಂತ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಇಂಟರ್ನೆಟ್ಟಿನಲ್ಲಿ ಅಂಥ ಕಾನೂನೂ ಇಲ್ಲ, ನ್ಯಾಯಮಂಡಳಿಯೂ ಇಲ್ಲ. ಉಳುವವರಿಗೆ ಉಳಿದದ್ದು ಒಂದೇ ದಾರಿ: ನೇಗಿಲು ಹೆಗಲಿಗೆ ಹಾಕಿಕೊಂಡು ಬೇರೆ ಹೊಲಕ್ಕೆ ಹೋಗುವುದು.

ಅವರು ಹೋದರು. ಆಮೇಲೆ ಆದದ್ದು ನನಗೆ ಇನ್ನೂ ಸೋಜಿಗ. ವಲಸೆ ಹೋದ ಬಳಗಗಳು ತಮ್ಮ ಹಳೇ ಚಾನೆಲ್ಲಿನ ಮೇಲ್ಗಡೆ ವಿಷಯ ಬರೆಯುವ ಸಾಲಿನಲ್ಲಿ ‘ನಾವು ಲಿಬೆರಾಗೆ ಹೋಗಿದ್ದೇವೆ, ಅಲ್ಲಿಗೆ ಬನ್ನಿ’ ಅಂತ ಹಾಕಿದ್ದವು. ಅಂಗಡಿ ಎದುರು ಬೀದಿಗೆ ಸ್ಥಳಾಂತರಗೊಂಡಿದೆ ಅಂತ ಶಟರ್ ಮೇಲೆ ಅಂಟಿಸುತ್ತಾರಲ್ಲ, ಹಾಗೆ. ಮೇ 25-26ರ ಹೊತ್ತಿಗೆ ಫ್ರೀನೋಡಿನ ಹೊಸ ಆಡಳಿತ ಹೀಗೆ ಲಿಬೆರಾ ಹೆಸರಿದ್ದ ನೂರಾರು ಚಾನೆಲ್‌ಗಳನ್ನು ಯಂತ್ರದ ಕೈಯಲ್ಲೇ ಜಪ್ತಿ ಮಾಡಿಸಿತು. ಉಬುಂಟುವಿನ ಚಾನೆಲ್‌ಗಳೂ ಅದರಲ್ಲಿ ಹೋದವು. ಜನ ಒಳಗೆ ಬಂದರೆ ತಾನಾಗಿ ಬೇರೆ ಕೋಣೆಗೆ ಹೋಗಿ ಬೀಳುತ್ತಿದ್ದರು. ಇನ್ನೂ ಯೋಚನೆ ಮಾಡೋಣ ಅಂತ ಕೂತಿದ್ದವರೂ ಅವತ್ತೇ ಹೊರಟರು. ಜೂನ್‌ನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹೋಗುವ ತಯಾರಿಯಲ್ಲಿದ್ದಾಗಲೇ ಅದರ ಚಾನೆಲ್‌ಗಳಿಗೂ ಅದೇ ಗತಿಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದೇ.

ಅದೇ ಜೂನ್ ನಡುವಿನಲ್ಲಿ ಫ್ರೀನೋಡ್ ಹೊಸ ತಂತ್ರಾಂಶಕ್ಕೆ ಬದಲಾಯಿತು. ಹಳೇ ನೋಂದಣಿ ಪುಸ್ತಕ ಅದರ ಜೊತೆ ಬರಲಿಲ್ಲ. ಹತ್ತು ಹದಿನೈದು ವರ್ಷದಿಂದ ಒಂದು ಹೆಸರು ಇಟ್ಟುಕೊಂಡಿದ್ದವರೂ ನಿನ್ನೆ ಬಂದವರೂ ಒಂದೇ ಸಾಲಿನಲ್ಲಿ ನಿಂತು ಮತ್ತೆ ಹೆಸರು ಬರೆಸಬೇಕಾಯಿತು. ಯಾವ ಪುಸ್ತಕಕ್ಕಾಗಿ ಕಿತ್ತಾಡಿದರೋ ಅದನ್ನೇ ಹರಿದು ಹಾಕಿದ ಹಾಗಾಯಿತು, ಅಲ್ವಾ?

ಇದೇ ಹಾದಿಯಲ್ಲಿ ಒಬ್ಬರು ಗಾಯವಿಲ್ಲದೆ ದಾಟಿದ್ದರು, ಅದೂ ಹದಿನೈದು ವರ್ಷ ಮೊದಲು. 2006ರ ಜೂನ್‌ನಲ್ಲಿ ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸ್ ಬಳಗ ಫ್ರೀನೋಡ್ ಬಿಟ್ಟು ಓಎಫ್‌ಟಿಸಿ ಅನ್ನೋ ಜಾಲಕ್ಕೆ ಹೋಯಿತು. ಗಲಾಟೆ ಆಗಲಿಲ್ಲ. ಅವರು ತಮ್ಮ ಜನಕ್ಕೆ ಮೊದಲಿಂದ ಕೊಟ್ಟಿದ್ದ ವಿಳಾಸ ಫ್ರೀನೋಡಿನದಲ್ಲ, ತಮ್ಮದೇ ಡೊಮೇನಿನ ಒಂದು ಹೆಸರು. ಆ ಹೆಸರು ಯಾವ ಜಾಲದ ಕಡೆ ಬೆರಳು ತೋರಿಸುತ್ತದೆ ಅನ್ನೋದನ್ನು ಬದಲಾಯಿಸಿದರು, ಅಷ್ಟೇ. ಡೆಬಿಯನ್ನಿನ ವಿಳಾಸ ಟೈಪ್ ಮಾಡಿ ಅಭ್ಯಾಸವಿದ್ದವರು ಮರುದಿನವೂ ಅದನ್ನೇ ಟೈಪ್ ಮಾಡಿ ಹೊಸ ಮನೆಗೆ ಬಂದರು. ಸರ್ವರ್ ಬಾಡಿಗೆಯದಾದರೂ ಬಾಗಿಲ ಮೇಲಿನ ಫಲಕ ನಿಮ್ಮದೇ ಇರಲಿ ಅಂತ ಒಂದು ಗುಂಪು ಕಟ್ಟುವವರಿಗೆ ನಾನು ಹೇಳುವುದು ಈ ಉದಾಹರಣೆ ಇಟ್ಟುಕೊಂಡೇ.

ವಾಟ್ಸಾಪ್‌ನಲ್ಲಿ ಈ ಸೌಲಭ್ಯ ಇಲ್ಲ. ನಮ್ಮ ಬಡಾವಣೆಯ ಗುಂಪಿನಲ್ಲಿ ಎರಡು ವರ್ಷದ ಹಿಂದೆ ನೀರಿನ ಟ್ಯಾಂಕರ್ ವಿಚಾರಕ್ಕೆ ಮಾತು ಬೆಳೆಯಿತು. ಗುಂಪು ಶುರು ಮಾಡಿದ್ದ ಹಿರಿಯರು ಐದಾರು ಜನರನ್ನು ತೆಗೆದು ಹಾಕಿದರು. ಉಳಿದ ಅಡ್ಮಿನ್‌ಗಳು ಸೇರಿ ಅವರನ್ನೇ ಕೆಳಗಿಳಿಸೋಣ ಅಂತ ನೋಡಿದರೆ, ಆಗಲ್ಲ. ಗುಂಪು ಶುರು ಮಾಡಿದವರನ್ನು ಬೇರೆ ಅಡ್ಮಿನ್‌ಗಳು ತೆಗೆಯಲು ವಾಟ್ಸಾಪ್ ಬಿಡುವುದಿಲ್ಲ. ಐಆರ್‌ಸಿಯಲ್ಲಿ ಮೊದಲು ಬಂದವನ ಆಪ್ ಅನ್ನೂ ಎರಡನೆಯವನು ಕಿತ್ತುಕೊಳ್ಳಬಹುದಿತ್ತು. ಇಲ್ಲಿ ಕಂಪನಿಯೇ ಕೂತು ಹಿರಿತನಕ್ಕೆ ಮುದ್ರೆ ಒತ್ತಿದೆ. ಕೊನೆಗೆ ಆದದ್ದು ಎಲ್ಲ ಬಡಾವಣೆಯಲ್ಲೂ ಆಗುವುದೇ. ಹೆಸರಿನ ಕೊನೆಗೆ ‘ಹೊಸದು’ ಅಂತ ಸೇರಿಸಿಕೊಂಡು ಎರಡನೇ ಗುಂಪು. ಈಗ ಟ್ಯಾಂಕರ್ ಬಂತಾ ಅಂತ ಎರಡೂ ಕಡೆ ನೋಡಬೇಕು.

ಅಡ್ಮಿನ್ ಆದರೆ ಜೈಲಿಗೆ ಹೋಗಬೇಕಾದೀತು ಅನ್ನೋ ಹೆದರಿಕೆಯೂ ಒಂದು ಕಾಲಕ್ಕೆ ಜಾಸ್ತಿ ಇತ್ತು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದರೆ ಅದು ಇನ್ನೊಬ್ಬರ ಸರ್ವರ್ ಮೇಲೆ ಗುಂಪು ನಡೆಸುವವರ ಮಾತು. ಸ್ವಂತ ಸರ್ವರ್ ಇಟ್ಟುಕೊಂಡು ನಾಲ್ಕು ಜನಕ್ಕೆ ಬಾಗಿಲು ತೆರೆದರೆ ನೀವು ಕಾನೂನಿನ ಕಣ್ಣಲ್ಲಿ ಮಧ್ಯವರ್ತಿ. 2021ರ ಐಟಿ ನಿಯಮಗಳ ಪ್ರಕಾರ ನಿಯಮಾವಳಿ ಪ್ರಕಟಿಸಬೇಕು, ಕುಂದುಕೊರತೆ ಕೇಳುವ ಅಧಿಕಾರಿ ಯಾರು ಅಂತ ಹೆಸರು ಹಾಕಬೇಕು. ಮನೆಯ ಮೂಲೆಯಲ್ಲಿ ಒಂದು ಪುಟ್ಟ ಯಂತ್ರ ಇಟ್ಟುಕೊಂಡ ಹವ್ಯಾಸಿಗೆ ಅಧಿಕಾರಿಯೂ ತಾನೇ, ಗುಮಾಸ್ತನೂ ತಾನೇ, ಬೈಸಿಕೊಳ್ಳುವವನೂ ತಾನೇ.

ಬೈಸಿಕೊಳ್ಳುವುದರ ಮುಂದಿನ ಹಂತ ದಾಳಿ. ಇದನ್ನು ಹೊರಗಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಾನೆಲ್ಲಿನಲ್ಲಿ ಆಪ್ ಸಿಗಲಿಲ್ಲ ಅನ್ನೋ ಸಿಟ್ಟಿಗೆ ಸರ್ವರನ್ನೇ ಬೀಳಿಸುವವರಿದ್ದಾರೆ. ಸಾವಿರಾರು ಯಂತ್ರಗಳಿಂದ ಒಟ್ಟಿಗೇ ಕಸ ಸುರಿದು ಉಸಿರುಗಟ್ಟಿಸುವುದು. 2002-03ರಲ್ಲಿ ಡಾಲ್‌ನೆಟ್ ಇಂಥ ದಾಳಿಗೆ ಸಿಕ್ಕಿ ಹೆಚ್ಚುಕಮ್ಮಿ ನೆಲ ಕಚ್ಚಿತು. ಸರ್ವರ್ ಪುಕ್ಕಟೆ ಕೊಟ್ಟಿದ್ದ ಇಂಟರ್ನೆಟ್ ಕಂಪನಿಗಳು, ಯಾರದೋ ಹರಟೆಗೆ ನಮ್ಮ ದುಡ್ಡು ಕೊಡುವ ಗಿರಾಕಿಗಳು ಯಾಕೆ ಒದ್ದಾಡಬೇಕು ಅಂತ ಕೈ ಕೊಡವಿಕೊಂಡವು. ಸರ್ವರ್ ಕೊಡುವವರು ಕಮ್ಮಿಯಾದಷ್ಟೂ ಉಳಿದವರ ಮಾತು ಜೋರಾಗುತ್ತದೆ. ಹಾಗಾಗಿ ದಾಳಿ ಮಾಡಿದವನಿಗೆ ಗೊತ್ತಿಲ್ಲದೆಯೇ ಜಾಲದೊಳಗಿನ ಅಧಿಕಾರದ ತಕ್ಕಡಿ ಒಂದು ಕಡೆ ವಾಲುತ್ತದೆ.

ಇಷ್ಟರ ನಡುವೆ ಕನ್ನಡದ್ದೊಂದು ಕಷ್ಟ. ಐಆರ್‌ಸಿಯಲ್ಲಿ ಒಂದು ಸಂದೇಶ ಒಟ್ಟು 512 ಬೈಟ್ ದಾಟುವ ಹಾಗಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತ ಚಿಹ್ನೆಗೆ, ಒತ್ತಿಗೆ ಕೊಡುವ ವಿರಾಮಕ್ಕೂ ಮೂರು ಮೂರು ಬೈಟ್. ‘ಕ್ಷ’ ಅಂತ ಬರೆದರೆ ಒಂಬತ್ತು ಬೈಟ್ ಖರ್ಚು. ಹಾಗಾಗಿ ಕನ್ನಡದಲ್ಲಿ ಜಗಳ ಆಡುವವರು ಇಂಗ್ಲಿಷಿನವರ ಮೂರನೇ ಒಂದು ಭಾಗದಲ್ಲೇ ಬೈದು ಮುಗಿಸಬೇಕು. ಹೆಚ್ಚಿನ ಜಾಲಗಳಲ್ಲಿ ಹೆಸರನ್ನು ಕನ್ನಡದಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಆದರೆ ಫಿನ್‌ಲೆಂಡಿನ ಕೀಬೋರ್ಡಿನ ನೆನಪು ಮಾತ್ರ ನಿಯಮದಲ್ಲಿ ಇವತ್ತಿಗೂ ಉಳಿದಿದೆ. ಆ ಕೀಬೋರ್ಡಿನಲ್ಲಿ ಆವರಣ ಚಿಹ್ನೆಗಳ ಜಾಗದಲ್ಲಿ ಅಲ್ಲಿನ ಅಕ್ಷರಗಳಿದ್ದವು, ಹಾಗಾಗಿ ಹೆಸರುಗಳಲ್ಲಿ ಚೌಕ ಆವರಣ ದೊಡ್ಡಕ್ಷರ, ಪುಷ್ಪ ಆವರಣ ಅದರ ಸಣ್ಣಕ್ಷರ! ನಿಯಮ ಬರೆದವರು ಯಾವ ಊರಿನವರು ಅನ್ನೋದು ನಿಯಮದ ಮೂಲೆಯಲ್ಲಿ ಹೀಗೆ ಕೂತಿರುತ್ತದೆ.

ಬೇರೆ ಬೇರೆಯವರ ಸರ್ವರ್‌ಗಳು ಕೂಡಿ ಆದ, ಮ್ಯಾಸ್ಟೊಡಾನ್ ಸೇರಿದ ಫೆಡಿವರ್ಸ್ ಬಂದಾಗ, ಇದು ಹೊಸ ಲೋಕ, ಇಲ್ಲಿ ಒಬ್ಬ ಯಜಮಾನ ಇಲ್ಲ ಅಂತ ಸಂಭ್ರಮ ಇತ್ತು. ಐಆರ್‌ಸಿ ನೋಡಿದವರಿಗೆ ಅದು ಹೊಸದಾಗಿ ಕಾಣಲಿಲ್ಲ. ಒಂದು ವ್ಯತ್ಯಾಸ ಮಾತ್ರ ಮುಖ್ಯ. ಐಆರ್‌ಸಿಯಲ್ಲಿ ಒಂದು ಸರ್ವರನ್ನು ಹೊರಗಿಡಬೇಕಾದರೆ ಜಾಲವೇ ತೀರ್ಮಾನಿಸಬೇಕು. ಫೆಡಿವರ್ಸ್‌ನಲ್ಲಿ ಪ್ರತಿಯೊಂದು ಸರ್ವರೂ ತಾನು ಯಾರ ಜೊತೆ ಮಾತಾಡಲ್ಲ ಅಂತ ತನ್ನಷ್ಟಕ್ಕೆ ಪಟ್ಟಿ ಇಟ್ಟುಕೊಳ್ಳುತ್ತದೆ. 2019ರಲ್ಲಿ ಬಲಪಂಥೀಯರ ಗ್ಯಾಬ್ ಅನ್ನೋ ಜಾಲತಾಣ ಮ್ಯಾಸ್ಟೊಡಾನ್ ತಂತ್ರಾಂಶ ಹಾಕಿಕೊಂಡು ಬಂದಾಗ ಬಹಳಷ್ಟು ಸರ್ವರ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಯಾರೂ ಸಭೆ ಕರೆಯಲಿಲ್ಲ. 2023ರಲ್ಲಿ ಫೇಸ್‌ಬುಕ್ಕಿನ ಮೆಟಾ ಕಂಪನಿಯ ಥ್ರೆಡ್ಸ್ ಬರುತ್ತದೆ ಅಂದಾಗ ಮಾತ್ರ ಒಮ್ಮತ ಸಿಗಲಿಲ್ಲ. ಕೆಲವರು ಮೊದಲೇ ಬೀಗ ಜಡಿದರು, ಕೆಲವರು ನೋಡೋಣ ಅಂದರು, ನೋಡೋಣ ಅಂದವರನ್ನೂ ಕೆಲವರು ಬ್ಲಾಕ್ ಮಾಡಿದರು. ಈ ಏರ್ಪಾಡು ಐಆರ್‌ಸಿಗಿಂತ ಮೇಲು ಅಂತ ನನಗೆ ಅನಿಸುತ್ತದೆ. ಒಬ್ಬರ ಕೈಲಿ ಇಡೀ ಪುಸ್ತಕ ಇಲ್ಲ. ಆದರೆ ಭಾರ ಎಲ್ಲ ಒಬ್ಬೊಬ್ಬ ಅಡ್ಮಿನ್ ಮೇಲೆ ಬೀಳುತ್ತದೆ. ಅದೇ ವರ್ಷ ಮ್ಯಾಸ್ಟೊಡಾನ್‌ನ ಒಂದು ಸರ್ವರ್ ನಡೆಸುತ್ತಿದ್ದವರು ಒಂದು ವಿಡಿಯೋ ಗೇಮ್ ಬಗ್ಗೆ ಎದ್ದ ಜಗಳದಲ್ಲಿ ಎರಡೂ ಕಡೆಯಿಂದ ಬೈಸಿಕೊಂಡು ಸಾಕಾಗಿ ಸರ್ವರನ್ನೇ ಮುಚ್ಚುತ್ತೇನೆ ಅಂತ ಘೋಷಿಸಿದರು. ಅಲ್ಲಿ ಖಾತೆ ಇದ್ದ ಸಾವಿರಾರು ಜನ ಬೇರೆ ಮನೆ ಹುಡುಕಬೇಕಾಯಿತು.

ಲಿಬೆರಾದವರು ಹಳೇ ತಪ್ಪು ಮರುಕಳಿಸಬಾರದು ಅಂತ ಸ್ವೀಡನ್ನಿನಲ್ಲಿ ಲಾಭರಹಿತ ಸಂಘ ಮಾಡಿಕೊಂಡರು. ಕೆಲಸ ಮಾಡುವವರೇ ಸದಸ್ಯರು. ಪಹಣಿಯೂ ನೇಗಿಲೂ ಒಂದೇ ಕಡೆ ಇರಲಿ ಅನ್ನೋದು ಲೆಕ್ಕ. ಅದು ಸರಿಯಾದ ಲೆಕ್ಕವೇ. ಅದರಿಂದ ಜಗಳ ನಿಂತಿತಾ ಅಂದರೆ, ಇಲ್ಲ.

ಹೊಸಬರು ಹಳೇ ಐಆರ್‌ಸಿ ಕ್ಲೈಂಟ್ ಹಾಕಿಕೊಳ್ಳಲು ಬೇಸರಪಟ್ಟು ಮ್ಯಾಟ್ರಿಕ್ಸ್ ಅನ್ನೋ ಚಾಟ್ ವ್ಯವಸ್ಥೆಯಿಂದ ಒಂದು ಸೇತುವೆ ದಾಟಿ ಲಿಬೆರಾಗೆ ಬರುತ್ತಿದ್ದರು. ಫೋನಿನಲ್ಲೇ ಎಲ್ಲ ಆಗುತ್ತಿತ್ತು. ಸೇತುವೆ ಮ್ಯಾಟ್ರಿಕ್ಸ್ ಕಡೆಯವರದು. ಅದರಲ್ಲಿ ಒಂದು ದೋಷ ಇತ್ತು. ಐಆರ್‌ಸಿ ಕಡೆಯಲ್ಲಿ ಒಬ್ಬರ ಸಂಪರ್ಕ ಕಡಿದರೂ ಮ್ಯಾಟ್ರಿಕ್ಸ್ ಕಡೆಯ ಕೋಣೆಯಲ್ಲಿ ಅವರು ಕೂತೇ ಇರುತ್ತಿದ್ದರು. ಕೋಣೆಯಲ್ಲಿರುವವರ ಪಟ್ಟಿಯಲ್ಲಿ ಹೆಸರಿಲ್ಲ, ಆದರೆ ಮಾತು ಕೇಳಿಸುತ್ತಿದೆ. ಖಾಸಗಿ ಚಾನೆಲ್‌ಗಳಿಗೆ ಇದು ಸಣ್ಣ ವಿಷಯವಲ್ಲ. ಸರಿ ಮಾಡಿ ಅಂತ ಲಿಬೆರಾದವರು ಗಡುವು ಕೊಟ್ಟರು, ಗಡುವು ಮುಂದೆ ಹೋಯಿತು. 2023ರ ಆಗಸ್ಟಿನಲ್ಲಿ ಅವರ ಕೋರಿಕೆಯ ಮೇಲೆ ಸೇತುವೆ ಬಂದ್ ಆಯಿತು. ಸದ್ಯಕ್ಕೆ ಅಂತ ಅಂದುಕೊಂಡಿದ್ದವರಿಗೆ ಅದೇ ವರ್ಷ ನವೆಂಬರಿನಲ್ಲಿ, ಇನ್ನು ತೆರೆಯುವುದಿಲ್ಲ ಅನ್ನೋ ಮಾತು ಬಂತು.

ಈ ಸಲ ಖಳನಾಯಕ ಯಾರೂ ಇರಲಿಲ್ಲ. ಒಂದು ಕಡೆಯವರಿಗೆ ತಮ್ಮ ಕೋಣೆಯ ಗುಟ್ಟು ಮುಖ್ಯ. ಇನ್ನೊಂದು ಕಡೆಯವರಿಗೆ ಆಳು ಕಾಳು ಎರಡೂ ಸಾಲದು. ನಡುವೆ ಸೇತುವೆ ದಾಟಿ ಬರುತ್ತಿದ್ದವರು ಒಂದು ಬೆಳಿಗ್ಗೆ ಫೋನು ತೆರೆದು ಪ್ರಶ್ನೆ ಟೈಪ್ ಮಾಡಿದರು. ಕೋಣೆ ಕಾಣುತ್ತಿತ್ತು, ಹಳೇ ಮಾತುಗಳೂ ಕಾಣುತ್ತಿದ್ದವು. ಆ ಕಡೆಯಿಂದ ಉತ್ತರ ಮಾತ್ರ ಬರಲಿಲ್ಲ.